ಸರ್ವರ್ ಬಿದ್ದ ಕಥೆ ಹೇಳುವ ಶನಿವಾರ

2024ರ ಜುಲೈ 19, ಶುಕ್ರವಾರ. ನಮ್ಮ ಗಡಿಯಾರದಲ್ಲಿ ಬೆಳಿಗ್ಗೆ 9 ಗಂಟೆ 39 ನಿಮಿಷಕ್ಕೆ ಕ್ರೌಡ್‌ಸ್ಟ್ರೈಕ್ ಎಂಬ ಅಮೆರಿಕದ ಭದ್ರತಾ ಕಂಪನಿ ತನ್ನ ಗ್ರಾಹಕರ ಕಂಪ್ಯೂಟರುಗಳಿಗೆ ಒಂದು ಪುಟ್ಟ ಅಪ್‌ಡೇಟ್ ಕಳಿಸಿತು. ಅದರಲ್ಲಿ ದೋಷವಿತ್ತು. 78 ನಿಮಿಷಗಳಲ್ಲಿ ಹಿಂದಕ್ಕೆ ತೆಗೆದುಕೊಂಡರೂ ಅಷ್ಟರಲ್ಲಿ ಜಗತ್ತಿನಾದ್ಯಂತ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ನೀಲಿ ಪರದೆ ತೋರಿಸಿ ಮಲಗಿಬಿಟ್ಟಿದ್ದವು. ಇದು ಮೈಕ್ರೋಸಾಫ್ಟ್ ಕೊಟ್ಟ ಅಂದಾಜು. ನಮ್ಮ ವಿಮಾನ ನಿಲ್ದಾಣಗಳಲ್ಲಿ ಬೋರ್ಡಿಂಗ್ ಪಾಸನ್ನು ಕೈಯಲ್ಲಿ ಬರೆದುಕೊಟ್ಟರು. ಆ ಚೀಟಿಯ ಫೋಟೊ ಎಲ್ಲರ ವಾಟ್ಸ್‌ಆ್ಯಪ್‌ಗೂ ಬಂತು.

ಫೋಟೊಗೆ ಸಿಗದ ಕೆಲಸ ಬೇರೆ ಕಡೆ ನಡೆಯುತ್ತಿತ್ತು. ಕೆಟ್ಟ ಯಂತ್ರ ಪೂರ್ತಿ ಆನ್ ಆಗುವ ಮೊದಲೇ ಮತ್ತೆ ಬೀಳುತ್ತಿದ್ದುದರಿಂದ ಬಹಳಷ್ಟು ಕಡೆ ಅದನ್ನು ದೂರದಿಂದ ಸರಿಪಡಿಸಲು ಬರುತ್ತಿರಲಿಲ್ಲ. ಯಾರಾದರೂ ಒಬ್ಬರು ಅದರ ಮುಂದೆ ಹೋಗಿ ಕೂತು, ಸೇಫ್ ಮೋಡ್‌ನಲ್ಲಿ ತೆರೆದು, ಒಂದು ಫೈಲ್ ಅಳಿಸಿ ಮತ್ತೆ ಚಾಲೂ ಮಾಡಬೇಕಿತ್ತು. ಆಮೇಲೆ ಪಕ್ಕದ ಯಂತ್ರ. ಡಿಸ್ಕಿಗೆ ಬಿಟ್‌ಲಾಕರ್ ಬೀಗ ಹಾಕಿದ್ದರೆ ಪ್ರತಿ ಯಂತ್ರಕ್ಕೂ 48 ಅಂಕಿಗಳ ಬೇರೆ ಬೇರೆ ಕೀ. ಕೆಲವು ಕಡೆ ಆ ಕೀಗಳನ್ನೆಲ್ಲ ಇಟ್ಟಿದ್ದ ಸರ್ವರೇ ಬಿದ್ದುಹೋಗಿತ್ತು.

ಇದನ್ನು ಮಾಡಿದವರು ಸಿಸ್ಟಮ್ ಅಡ್ಮಿನ್‌ಗಳು. ಕಂಪನಿಗಳಲ್ಲಿ ಅವರನ್ನು ಡೆವ್‌ಆಪ್ಸ್ ಎನ್ನುತ್ತಾರೆ, ಎಸ್‌ಆರ್‌ಇ ಎನ್ನುತ್ತಾರೆ, ಕಾಲೇಜಿನಲ್ಲಿ ಲ್ಯಾಬ್ ಇನ್‌ಚಾರ್ಜ್ ಎನ್ನುತ್ತಾರೆ. ನಮ್ಮ ಸಹಕಾರ ಬ್ಯಾಂಕಿನಲ್ಲಿ ಅವರಿಗೆ ಹೆಸರೇ ಇಲ್ಲ, "ಐಟಿಯವರನ್ನ ಕರೀರಿ" ಅಷ್ಟೆ. ಹಳ್ಳಿಯ ನೀರುಗಂಟಿಯ ಪಾಡು ಇವರದು: ನಲ್ಲಿಯಲ್ಲಿ ನೀರು ಬರುವಷ್ಟು ದಿನ ಅವನ ನೆನಪು ಯಾರಿಗೂ ಇಲ್ಲ, ಒಂದು ಬೆಳಿಗ್ಗೆ ಬರಲಿಲ್ಲವೋ, ಊರೆಲ್ಲ ಅವನ ಮನೆ ಬಾಗಿಲಲ್ಲಿ. ತಮಾಷೆಯೆಂದರೆ ಇವರಿಗೂ ಒಂದು ದಿನಾಚರಣೆ ಇದೆ. ಟೆಡ್ ಕೆಕಾಟೋಸ್ ಎಂಬ ಅಮೆರಿಕದ ಅಡ್ಮಿನ್ ಒಬ್ಬರು, ಹೊಸ ಪ್ರಿಂಟರ್ ತಂದುಕೊಟ್ಟ ಅಡ್ಮಿನ್‌ಗೆ ಸಹೋದ್ಯೋಗಿಗಳು ಹೂವು ಹಣ್ಣು ತಂದುಕೊಡುವ ಜಾಹೀರಾತೊಂದನ್ನು ನೋಡಿ 2000ದಲ್ಲಿ ಶುರುಮಾಡಿದ್ದು. ಜುಲೈ ತಿಂಗಳ ಕೊನೆಯ ಶುಕ್ರವಾರ. 2024ರಲ್ಲಿ ಅದು ಬಿದ್ದದ್ದು ಜುಲೈ 26ಕ್ಕೆ, ಆ ನೀಲಿ ಪರದೆಯ ಶುಕ್ರವಾರ ಕಳೆದು ಸರಿಯಾಗಿ ಒಂದು ವಾರಕ್ಕೆ.

ಈ ಕೆಲಸದ ಮುಖ್ಯ ಕಷ್ಟ ಒಂಟಿತನ ಎಂದು ನನಗೆ ಅನ್ನಿಸುತ್ತದೆ. ಪ್ರೋಗ್ರಾಂ ಬರೆಯುವವರು ಹತ್ತು ಜನ ಒಂದೇ ಕಡೆ ಕೂತಿರುತ್ತಾರೆ, ಒಬ್ಬರು ಬರೆದದ್ದನ್ನು ಇನ್ನೊಬ್ಬರು ನೋಡುತ್ತಾರೆ. ಅಡ್ಮಿನ್ ಎನ್ನುವವರು ಆಸ್ಪತ್ರೆಗೊಬ್ಬರು, ಕಾಲೇಜಿಗೊಬ್ಬರು. ಏನಾದರೂ ಕೆಟ್ಟಾಗ ಕೇಳಲು ಪಕ್ಕದಲ್ಲಿ ಯಾರೂ ಇರುವುದಿಲ್ಲ. ಸರಿಹೋದ ಮೇಲೆ ಹೇಳಿಕೊಳ್ಳಲೂ ಆಗುವುದಿಲ್ಲ. ಮ್ಯಾನೇಜರ್ ಮುಂದೆ ಹೇಳಿದರೆ ತಪ್ಪೊಪ್ಪಿಗೆಯಾಗುತ್ತದೆ, ಹೊರಗೆ ಹೇಳಿದರೆ ಕಂಪನಿಯ ಗುಟ್ಟು ಬಿಟ್ಟುಕೊಟ್ಟಂತೆ. ಆದ್ದರಿಂದಲೇ ಈ ಜನ ತಮ್ಮ ಊರಿನಲ್ಲಿ ತಿಂಗಳಿಗೊಮ್ಮೆ ಸೇರುವ ಸಭೆಗಳಿಗೆ, ಅಂದರೆ ಮೀಟಪ್‌ಗಳಿಗೆ, ಬೇರೆ ವೃತ್ತಿಯವರ ಸಂಘಗಳಿಗಿಂತ ಹೆಚ್ಚಿನ ಕೆಲಸವಿದೆ. ಅವನ್ನು ನಡೆಸುವುದು ಹೇಗೆ ಎನ್ನುವುದು ಈ ವಾರದ ಮಾತು.

ಅಮೆರಿಕದ ಯುಸೆನಿಕ್ಸ್ ಸಂಸ್ಥೆ 1987ರಲ್ಲಿ ಫಿಲಡೆಲ್ಫಿಯಾದಲ್ಲಿ ಅಡ್ಮಿನ್‌ಗಳ ಕಾರ್ಯಾಗಾರವೊಂದನ್ನು ನಡೆಸಿತು. ಅದೇ ಮುಂದೆ ಲೀಸಾ ಎಂಬ ಹೆಸರಿನ ವಾರ್ಷಿಕ ಸಮ್ಮೇಳನವಾಯಿತು. ದೊಡ್ಡ ವ್ಯವಸ್ಥೆಗಳನ್ನು ನೋಡಿಕೊಳ್ಳುವವರಿಗೆ ಎಂದು ಅದರ ಹೆಸರಿನಲ್ಲೇ ಇತ್ತು. ಆಗಿನ ಕಾಲಕ್ಕೆ ದೊಡ್ಡದು ಎಂದರೆ ನೂರು ಬಳಕೆದಾರರು ಅಥವಾ ಒಂದು ಗಿಗಾಬೈಟ್ ಡಿಸ್ಕ್! ಇವತ್ತು ಒಂದು ಮದುವೆಯ ವಿಡಿಯೊಗೂ ಅಷ್ಟು ಸಾಲದು. 2021ರಲ್ಲಿ ಲೀಸಾ ಕೊನೆಗೊಂಡಿತು. ಅಷ್ಟರಲ್ಲಿ ಅಡ್ಮಿನ್ ಎಂಬ ಹುದ್ದೆಯೇ ಬೇರೆ ಬೇರೆ ಹೆಸರುಗಳಲ್ಲಿ ಹಂಚಿಹೋಗಿತ್ತು.

ಬೆಂಗಳೂರಿನ ಕಥೆಯೂ ಹಳೆಯದೇ. 1995ರ ಆಗಸ್ಟ್ 15ರಂದು ವಿಎಸ್‌ಎನ್‌ಎಲ್ ಸಾರ್ವಜನಿಕರಿಗೆ ಇಂಟರ್‌ನೆಟ್ ಕೊಟ್ಟಾಗ ಡಯಲ್‌ಅಪ್ ಸಂಪರ್ಕದಲ್ಲಿ ಲಿನಕ್ಸ್ ಎಂಬ ಮುಕ್ತ ಕಾರ್ಯಾಚರಣೆ ವ್ಯವಸ್ಥೆಯನ್ನು ಇಳಿಸಿಕೊಳ್ಳುವ ಮಾತೇ ಇರಲಿಲ್ಲ. ಪಿಸಿ ಕ್ವೆಸ್ಟ್ ಪತ್ರಿಕೆಯ ಜೊತೆ ಬರುತ್ತಿದ್ದ ಸಿ.ಡಿ.ಯೇ ಗತಿ. ಸಿ.ಡಿ. ಇದ್ದವರ ಮನೆಗೆ ಇಲ್ಲದವರು ಹೋಗುತ್ತಿದ್ದರು, ಬಳಕೆದಾರರ ಗುಂಪುಗಳು ಬೆಳೆದದ್ದು ಅಂಥ ಕಾಲದಲ್ಲಿ. ಆ ಉತ್ಸಾಹದಿಂದ 2001ರಲ್ಲಿ ಲಿನಕ್ಸ್ ಬೆಂಗಳೂರು ಎಂಬ ಸಮ್ಮೇಳನ ಹುಟ್ಟಿತು, 2005ರಲ್ಲಿ ಅದು ಫಾಸ್ ಡಾಟ್ ಇನ್ ಎಂದು ಹೆಸರು ಬದಲಿಸಿಕೊಂಡಿತು. ಅತುಲ್ ಚಿಟ್ನಿಸ್ ಅದರ ಮುಂದಾಳು. ದೇಶದ ಮೂಲೆಮೂಲೆಯ ಹುಡುಗರು ರೈಲು ಹತ್ತಿ ಬರುತ್ತಿದ್ದರು. 2012ರ ನಂತರ ಅದು ನಡೆಯಲಿಲ್ಲ, ಮರುವರ್ಷ ಅತುಲ್ ತೀರಿಕೊಂಡರು. 2012ರಲ್ಲೇ ಹ್ಯಾಸ್‌ಗೀಕ್ ಎಂಬ ಸಂಸ್ಥೆಯವರು ಇದೇ ಅಡ್ಮಿನ್‌ಗಳಿಗಾಗಿ ರೂಟ್‌ಕಾನ್ಫ್ ಎಂಬ ಸಮ್ಮೇಳನ ಆರಂಭಿಸಿದರು. ಈಗ ಬೆಂಗಳೂರಿನಲ್ಲಿ ಯಾವುದೇ ಶನಿವಾರ ಬೆಳಿಗ್ಗೆ ಕುಬರ್ನೆಟೀಸ್‌ಗೊಂದು, ಕ್ಲೌಡ್‌ಗೊಂದು, ಡೇಟಾಬೇಸ್‌ಗೊಂದು ಸಭೆ ಸಿಗುತ್ತದೆ.

ಸಮ್ಮೇಳನ ಮತ್ತು ಮಾಸಿಕ ಸಭೆ ಎರಡೂ ಒಂದೇ ಜಾತಿಯವೆಂದು ಹೊರಗಿನವರು ತಿಳಿಯುತ್ತಾರೆ. ಸಮ್ಮೇಳನಕ್ಕೆ ಹಣ ಬೇಕು, ದೊಡ್ಡ ಹೆಸರು ಬೇಕು, ಆರು ತಿಂಗಳ ದುಡಿಮೆ ಬೇಕು. ಮಾಸಿಕ ಸಭೆಗೆ ಬೇಕಾದದ್ದು ಒಂದು ಕೋಣೆ, ಒಂದು ತಾರೀಖು ಮತ್ತು ಅದನ್ನು ತಪ್ಪಿಸದೆ ನಡೆಸುವ ಒಬ್ಬ ಹಟಮಾರಿ.

ಮೊದಲು ತಾರೀಖಿನ ವಿಷಯ. ಹೊಸದಾಗಿ ಗುಂಪು ಕಟ್ಟುವವರು ಪ್ರತಿ ತಿಂಗಳೂ "ಯಾವ ದಿನ ಅನುಕೂಲ?" ಎಂದು ಮತ ಕೇಳುತ್ತಾರೆ. ಕೇಳಬಾರದು. ಅಡ್ಮಿನ್‌ಗಳಿಗೆ ಆನ್‌ಕಾಲ್ ಸರದಿ ಇರುತ್ತದೆ, ಇಂಥ ವಾರ ರಾತ್ರಿ ಫೋನ್ ಬಂದರೆ ಎದ್ದು ಕೂರುವ ಪಾಳಿ ನಿಮ್ಮದು ಎಂದು ಒಂದು ತಿಂಗಳ ಮೊದಲೇ ಗೊತ್ತಾಗಿರುತ್ತದೆ. ಸಭೆಯ ದಿನ ಖಚಿತವಿದ್ದರೆ ಸರದಿಯನ್ನು ಅದಲುಬದಲು ಮಾಡಿಕೊಂಡು ಬರುತ್ತಾರೆ. ನನ್ನ ಮತ ನಾಲ್ಕನೇ ಶನಿವಾರಕ್ಕೆ. ಬ್ಯಾಂಕುಗಳಿಗೆ 2015ರಿಂದ ಎರಡನೇ ಮತ್ತು ನಾಲ್ಕನೇ ಶನಿವಾರ ರಜೆ, ನಮ್ಮ ರಾಜ್ಯ ಸರ್ಕಾರಿ ಕಚೇರಿಗಳಿಗೂ ಈ ಎರಡೂ ಶನಿವಾರ ರಜೆ. ಆದರೆ ಎರಡನೆಯದು ಬೇಡ. ಮೈಕ್ರೋಸಾಫ್ಟ್ ತನ್ನ ತೇಪೆಗಳನ್ನು, ಅಂದರೆ ಪ್ಯಾಚ್‌ಗಳನ್ನು, ಬಿಡುಗಡೆ ಮಾಡುವುದು ಪ್ರತಿ ತಿಂಗಳ ಎರಡನೇ ಮಂಗಳವಾರ. ಅದನ್ನು ಹಾಕುವ ಕೆಲಸ ಎಷ್ಟೋ ಕಚೇರಿಗಳಲ್ಲಿ ಆ ವಾರಾಂತ್ಯಕ್ಕೇ ಬರುತ್ತದೆ. ಎರಡನೇ ಶನಿವಾರ ಕರೆದರೆ ಕೆಲವು ತಿಂಗಳು ಯಾರು ಬರಲೇಬೇಕೋ ಅವರೇ ಸರ್ವರ್ ರೂಮಿನಲ್ಲಿ ಕೂತಿರುತ್ತಾರೆ. ತಿಂಗಳ ಕೊನೆಯ ಲೆಕ್ಕ ಮುಗಿಸುವ ಗಡಿಬಿಡಿಯೂ ನಾಲ್ಕನೇ ಶನಿವಾರದ ಹೊತ್ತಿಗೆ ಸಾಮಾನ್ಯವಾಗಿ ಶುರುವಾಗಿರುವುದಿಲ್ಲ.

ಒಮ್ಮೆ ಗೊತ್ತುಮಾಡಿದ ಮೇಲೆ ಭಾಷಣಕಾರರು ಕೈಕೊಟ್ಟರೂ ಸಭೆ ನಡೆಯಬೇಕು. ಏಳು ಜನ ಬಂದರೆ ಏಳು ಜನ.

ಹಾಗೆ ಹೇಳುವುದಕ್ಕೆ ನನ್ನ ಬಳಿ ಒಳ್ಳೆಯ ಸಾಕ್ಷಿ ಇದೆ. 2008ರಲ್ಲಿ ಕೆನಡಾದ ಟೊರಾಂಟೊದಲ್ಲಿ ಅಜೈಲ್ ಸಮ್ಮೇಳನ, ಅಂದರೆ ತಂತ್ರಾಂಶವನ್ನು ಸಣ್ಣ ಸಣ್ಣ ಹಂತಗಳಲ್ಲಿ ಕಟ್ಟುವ ಪದ್ಧತಿಯವರ ಸಮ್ಮೇಳನ, ನಡೆದಾಗ ಆ್ಯಂಡ್ರ್ಯೂ ಶೇಫರ್ ಎಂಬವರು ಸರ್ವರ್ ನಿರ್ವಹಣೆಗೂ ಅಜೈಲ್ ಪದ್ಧತಿ ಹೊಂದುತ್ತದೆಯೇ ಎಂಬ ಬಗ್ಗೆ ಒಂದು ಗೋಷ್ಠಿ ಪ್ರಕಟಿಸಿದ್ದರು. ಯಾರಿಗೂ ಆಸಕ್ತಿ ಇದ್ದಂತೆ ಕಾಣದೆ ಅವರೇ ಅತ್ತ ಹೋಗಲಿಲ್ಲ. ಬಂದಿದ್ದವರು ಒಬ್ಬರೇ, ಬೆಲ್ಜಿಯಂನ ಪ್ಯಾಟ್ರಿಕ್ ಡುಬ್ವಾ. ಖಾಲಿ ಕೋಣೆ ನೋಡಿ ಅವರು ವಾಪಸ್ ಹೋಗಲಿಲ್ಲ, ಶೇಫರ್ ಅವರನ್ನು ಹುಡುಕಿಕೊಂಡು ಹೋಗಿ ಹೊರಗಿನ ಪಡಸಾಲೆಯಲ್ಲಿ ಹಿಡಿದು ಮಾತಿಗೆ ಕೂರಿಸಿದರು. ಮರುವರ್ಷ ಅಕ್ಟೋಬರ್‌ನಲ್ಲಿ ಡುಬ್ವಾ ತಮ್ಮ ದೇಶದ ಗೆಂಟ್ ನಗರದಲ್ಲಿ ಡೆವ್‌ಆಪ್ಸ್‌ಡೇಸ್ ಎಂಬ ಸಭೆ ಕರೆದರು. ಇವತ್ತು ಬೆಂಗಳೂರಿನ ಅರ್ಧ ಉದ್ಯೋಗ ಜಾಹೀರಾತುಗಳಲ್ಲಿ ಕಾಣುವ ಡೆವ್‌ಆಪ್ಸ್ ಎಂಬ ಹೆಸರು ಬಳಕೆಗೆ ಬಂದದ್ದು ಅಲ್ಲಿಂದ. ಆ ಸಭೆ ಆಮೇಲೆ ಊರೂರಿಗೆ ಹಬ್ಬಿ ಬೆಂಗಳೂರಿನಲ್ಲೂ ನಡೆದಿದೆ.

ಆದ್ದರಿಂದ ಕಾರ್ಯಕ್ರಮ ಪಟ್ಟಿಯಲ್ಲಿ ಪಡಸಾಲೆಗೆ ಜಾಗ ಬಿಡಿ. ಮೂರು ಗಂಟೆಯ ಸಭೆಗೆ ಎರಡು ಭಾಷಣ ಸಾಕು. ನಡುವೆ ಮುಕ್ಕಾಲು ಗಂಟೆ ಕಾಫಿ. ಸಂಘಟಕರಿಗೆ ಇದು ಹೆದರಿಕೆಯ ವಿಷಯ, ಬಂದವರು "ಏನೂ ನಡೀತಿಲ್ಲ" ಅಂದುಕೊಂಡಾರು ಎಂದು ನಾಲ್ಕು ಭಾಷಣ ತುರುಕುತ್ತಾರೆ. ಕೊನೆಯ ಭಾಷಣದ ಹೊತ್ತಿಗೆ ಅರ್ಧ ಕುರ್ಚಿ ಖಾಲಿಯಾಗಿ, ಎದ್ದುಹೋದವರು ಮೆಟ್ಟಿಲ ಮೇಲೆ ನಿಂತು ಹರಟುತ್ತಿರುತ್ತಾರೆ. ಕಿವಿಗೊಟ್ಟು ಕೇಳಿದರೆ ಆ ದಿನದ ನಿಜವಾದ ಸಭೆ ಮೆಟ್ಟಿಲ ಮೇಲೇ ನಡೆಯುತ್ತಿರುತ್ತದೆ.

ಜಾಗದ ವಿಷಯದಲ್ಲಿ ಬೆಂಗಳೂರಿನವರಿಗೆ ಹೆಚ್ಚು ಹೇಳಬೇಕಾಗಿಲ್ಲ. ಕಂಪನಿಯ ಸಭಾಂಗಣ ಪುಕ್ಕಟೆ ಸಿಗುತ್ತದೆ, ಆದರೆ ಗೇಟಿನಲ್ಲಿ ಬಂದವರ ಹೆಸರಿನ ಪಟ್ಟಿ, ಗುರುತಿನ ಚೀಟಿ, ಲ್ಯಾಪ್‌ಟಾಪ್‌ನ ಸೀರಿಯಲ್ ನಂಬರ್ ಬರೆಸುವ ಶಾಸ್ತ್ರ. ಇದನ್ನೆಲ್ಲ ಹಿಂದಿನ ದಿನವೇ ಸೆಕ್ಯೂರಿಟಿಯವರೊಂದಿಗೆ ಮಾತಾಡಿ ಮುಗಿಸದಿದ್ದರೆ ಮೊದಲ ಅರ್ಧ ಗಂಟೆ ಗೇಟಿನಲ್ಲೇ ಹೋಗುತ್ತದೆ. ಪ್ರತಿ ತಿಂಗಳೂ ಊರಿನ ಬೇರೆ ಬೇರೆ ದಿಕ್ಕಿಗೆ ಸಭೆ ಒಯ್ಯುವುದು ನ್ಯಾಯವೆಂದು ಕಾಣುತ್ತದೆ, ಆದರೆ ಒಂದು ತಿಂಗಳು ಬಂದವರು ಇನ್ನೊಂದು ತಿಂಗಳು ಬರುವುದಿಲ್ಲ. ಮುಖ ಪರಿಚಯವಾಗದ ಗುಂಪು ಗುಂಪೇ ಅಲ್ಲ. ಮೆಟ್ರೊ ನಿಲ್ದಾಣದಿಂದ ನಡೆದು ಹೋಗಬಹುದಾದ ಒಂದೇ ಜಾಗ ಹಿಡಿದುಕೊಳ್ಳುವುದು ಮೇಲು. ವೈಟ್‌ಫೀಲ್ಡ್ ಮತ್ತು ಎಲೆಕ್ಟ್ರಾನಿಕ್ ಸಿಟಿ ಎರಡಕ್ಕೂ ಈಗ ಮೆಟ್ರೊ ಬಂದಿರುವುದರಿಂದ ಆ ಕಡೆಯವರ ನೆಪ ಕಡಿಮೆಯಾಗಿದೆ. ನೂರು ಜನ ಬರುತ್ತೇವೆಂದು ಹೆಸರು ಕೊಟ್ಟರೆ ಅರ್ಧಕ್ಕಿಂತ ಕಡಿಮೆ ಜನರಿಗೆ ಉಪ್ಪಿಟ್ಟು ಹೇಳಿ. ಪುಕ್ಕಟೆ ಸಭೆಗೆ ಹೆಸರು ಕೊಡುವುದು ನಮ್ಮಲ್ಲಿ "ನೋಡೋಣ" ಎನ್ನುವುದಕ್ಕೆ ಸಮ.

ಉಪ್ಪಿಟ್ಟಿನ ಹಣ ಕೊಡಲು ಪ್ರಾಯೋಜಕರು ಬರುತ್ತಾರೆ. ಬರಲಿ. ಅವರಿಗೆ ಬೇಕಾದದ್ದು ಸಾಮಾನ್ಯವಾಗಿ ಎರಡು: ತಮ್ಮ ಉತ್ಪನ್ನದ ಬಗ್ಗೆ ಮುಕ್ಕಾಲು ಗಂಟೆಯ ಭಾಷಣ, ಮತ್ತು ಬಂದವರೆಲ್ಲರ ಫೋನ್ ನಂಬರ್, ಇಮೇಲ್. ಮೊದಲನೆಯದಕ್ಕೆ ಐದು ನಿಮಿಷ ಕೊಟ್ಟರೆ ಧಾರಾಳವಾಯಿತು. ಎರಡನೆಯದನ್ನು ಕೊಡಲೇಬಾರದು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಮೂಲ ತತ್ವವೇ ಒಪ್ಪಿಗೆ. ಉಪ್ಪಿಟ್ಟು ತಿನ್ನಲು ಹೆಸರು ಕೊಟ್ಟವರು ಮಾರಾಟದ ಫೋನ್ ಕರೆಗೆ ಒಪ್ಪಿಗೆ ಕೊಟ್ಟಿರುವುದಿಲ್ಲ. ಬೇರೆಯವರ ದತ್ತಾಂಶ ಕಾಯುವುದೇ ಹೊಟ್ಟೆಪಾಡಾಗಿರುವ ಜನ ತಮ್ಮ ಪಟ್ಟಿಯನ್ನೇ ಮಾರಿಕೊಂಡರೆ ಅದಕ್ಕಿಂತ ನಗೆಪಾಟಲು ಬೇರೆ ಇಲ್ಲ. ಇನ್ನು ಎಚ್‌ಆರ್‌ನವರು ಅಭ್ಯರ್ಥಿಗಳನ್ನು ಹುಡುಕಿಕೊಂಡು ಬರುತ್ತಾರೆ. ಕೊನೆಯ ಹತ್ತು ನಿಮಿಷ "ನಮ್ಮಲ್ಲಿ ಕೆಲಸ ಇದೆ, ನಮಗೆ ಕೆಲಸ ಬೇಕು" ಎನ್ನುವವರಿಗೆ ಬಹಿರಂಗವಾಗಿ ಬಿಟ್ಟುಕೊಟ್ಟರೆ ಮೂಲೆಯಲ್ಲಿ ನಡೆಯುವ ಪಿಸುಮಾತು ನಿಲ್ಲುತ್ತದೆ.

ಇವೆಲ್ಲ ಏರ್ಪಾಟಿನ ಮಾತಾಯಿತು. ಏರ್ಪಾಟು ಚೆನ್ನಾಗಿದ್ದೂ ಸತ್ವವಿಲ್ಲದ ಸಭೆಗಳನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಅಲ್ಲಿ ಎಲ್ಲರೂ ತಾವು ಗೆದ್ದ ಕಥೆ ಹೇಳುತ್ತಾರೆ: ಹಳೆಯ ವ್ಯವಸ್ಥೆಯಿಂದ ಹೊಸದಕ್ಕೆ ಹೋದೆವು, ಖರ್ಚು ಕಡಿಮೆಯಾಯಿತು, ವೇಗ ಹೆಚ್ಚಿತು, ಚಪ್ಪಾಳೆ. ಕೇಳಿದವರಿಗೆ ಮನೆಗೆ ಒಯ್ಯಲು ಏನೂ ಇರುವುದಿಲ್ಲ. ಅಡ್ಮಿನ್‌ಗಳ ವಿದ್ಯೆ ಇರುವುದು ಕೆಟ್ಟ ಕಥೆಗಳಲ್ಲಿ.

ಅಂಥ ಕಥೆಯನ್ನು ಹೇಗೆ ಹೇಳಬೇಕೆಂಬುದಕ್ಕೆ ಗಿಟ್‌ಲ್ಯಾಬ್ ಕಂಪನಿ ಮಾದರಿ ಹಾಕಿಕೊಟ್ಟಿದೆ. 2017ರ ಜನವರಿ 31ರ ರಾತ್ರಿ ಅವರ ಎಂಜಿನಿಯರ್ ಒಬ್ಬರು ಡೇಟಾಬೇಸ್‌ನ ಎರಡು ಸರ್ವರ್‌ಗಳ ನಡುವಿನ ತೊಡಕು ಬಿಡಿಸುತ್ತಿದ್ದರು. ಎರಡನೇ ಸರ್ವರ್‌ನಲ್ಲಿ ಅಳಿಸಬೇಕಿದ್ದ ಫೋಲ್ಡರನ್ನು ಮುಖ್ಯ ಸರ್ವರ್‌ನಲ್ಲಿ ಅಳಿಸಿಬಿಟ್ಟರು. ಗೊತ್ತಾಗಿ ತಡೆಯುವಷ್ಟರಲ್ಲಿ ಸುಮಾರು 300 ಗಿಗಾಬೈಟ್‌ನಲ್ಲಿ ನಾಲ್ಕೂವರೆ ಗಿಗಾಬೈಟ್ ಮಾತ್ರ ಉಳಿದಿತ್ತು. ಬ್ಯಾಕಪ್ ಇದೆಯಲ್ಲ ಎಂದು ನೋಡಿದರೆ, ಐದು ಬಗೆಯ ವ್ಯವಸ್ಥೆಗಳಿದ್ದೂ ಒಂದನ್ನೂ ನೆಚ್ಚುವಂತಿರಲಿಲ್ಲ. ಬ್ಯಾಕಪ್ ತೆಗೆಯುವ ತಂತ್ರಾಂಶದ ಆವೃತ್ತಿಯೇ ಹಳೆಯದಾಗಿ, ದಿನವೂ ಅದು ವಿಫಲವಾಗುತ್ತಿತ್ತು. ವಿಫಲವಾಯಿತೆಂದು ಅದು ಇಮೇಲನ್ನೂ ಕಳಿಸುತ್ತಿತ್ತು. ಆ ಇಮೇಲುಗಳನ್ನು ಅವರದೇ ಮೇಲ್ ವ್ಯವಸ್ಥೆ ಅನುಮಾನಾಸ್ಪದವೆಂದು ತಳ್ಳಿಹಾಕುತ್ತಿದ್ದುದರಿಂದ ಯಾರಿಗೂ ತಲುಪುತ್ತಿರಲಿಲ್ಲ! ಕೊನೆಗೆ ಉಳಿಸಿದ್ದು, ಆ ಎಂಜಿನಿಯರ್ ಬೇರೆ ಯಾವುದೋ ಪರೀಕ್ಷೆಗಾಗಿ ಆರು ಗಂಟೆ ಮೊದಲು ತೆಗೆದಿಟ್ಟಿದ್ದ ಒಂದು ಪ್ರತಿ. ಆರು ಗಂಟೆಯ ದತ್ತಾಂಶ ಹೋಯಿತು, ಉಳಿದದ್ದು ಬಂತು.

ಕಂಪನಿ ಇದನ್ನು ಮುಚ್ಚಿಡಲಿಲ್ಲ. ದುರಸ್ತಿ ನಡೆಯುತ್ತಿದ್ದಾಗಲೇ ಯೂಟ್ಯೂಬ್‌ನಲ್ಲಿ ನೇರ ಪ್ರಸಾರ ಮಾಡಿತು. ಆಮೇಲೆ ಪ್ರಕಟಿಸಿದ ವರದಿಯಲ್ಲಿ ಆ ಎಂಜಿನಿಯರ್‌ಗೆ ಹೆಸರಿಲ್ಲ. ವರದಿಯ ಪ್ರಶ್ನೆ ಯಾರು ಅಳಿಸಿದರು ಎಂಬುದರ ಮೇಲೆ ನಿಲ್ಲುವುದಿಲ್ಲ; ಬ್ಯಾಕಪ್ ವಿಫಲವಾದದ್ದು ಏಕೆ ಯಾರಿಗೂ ಗೊತ್ತಾಗಲಿಲ್ಲ, ಅದನ್ನು ಪರೀಕ್ಷಿಸುವ ಹೊಣೆ ಏಕೆ ಯಾರ ಮೇಲೂ ಇರಲಿಲ್ಲ ಎಂದು ಕೆದಕುತ್ತಾ ಹೋಗುತ್ತದೆ. ಯಾರನ್ನೂ ದೂರದೆ ಬರೆಯುವ ಇಂಥ ವರದಿಯನ್ನು ಈ ವೃತ್ತಿಯವರು ಪೋಸ್ಟ್‌ಮಾರ್ಟಮ್ ಎಂದೇ ಕರೆಯುತ್ತಾರೆ. ದೂರಿದರೆ ಮುಂದಿನ ಸಲ ಜನ ಸುಳ್ಳು ಹೇಳುತ್ತಾರೆ ಎಂಬ ಸರಳ ಲೆಕ್ಕಾಚಾರ ಅದರ ಹಿಂದಿದೆ.

ನಮ್ಮ ಊರಿನ ಸಭೆಯಲ್ಲಿ ಅಷ್ಟು ಬಿಚ್ಚುಮನಸ್ಸು ಒಂದೇ ದಿನದಲ್ಲಿ ಬರುವುದಿಲ್ಲ. ಬಂದವರಿಗೆ ಕೆಲಸ ಉಳಿಯಬೇಕು, ಅವರು ಕಂಪನಿಗೆ ಗೋಪ್ಯತೆಯ ಸಹಿ ಹಾಕಿರುತ್ತಾರೆ. ಇದಕ್ಕೆ ಒಂದು ಹಳೆಯ ಉಪಾಯವಿದೆ. ಲಂಡನ್ನಿನ ಚಾಟಮ್ ಹೌಸ್ ಎಂಬ ಸಂಸ್ಥೆಯಲ್ಲಿ 1927ರಿಂದ ನಡೆದುಬಂದಿರುವ ನಿಯಮ ಅದು: ಇಲ್ಲಿ ಕೇಳಿದ್ದನ್ನು ಹೊರಗೆ ಬಳಸಬಹುದು, ಹೇಳಿದವರು ಯಾರು, ಯಾವ ಸಂಸ್ಥೆಯವರು ಎಂದು ಮಾತ್ರ ಹೇಳಬಾರದು. ಎರಡು ಭಾಷಣಗಳಲ್ಲಿ ಒಂದನ್ನು ವಿಡಿಯೊ ಮಾಡಿ, ಇನ್ನೊಂದಕ್ಕೆ ಕ್ಯಾಮೆರಾ ಮುಚ್ಚಿ ಈ ನಿಯಮ ಹಾಕಿ. ಮೊಬೈಲುಗಳೂ ಜೇಬಿಗೆ. ಮುಚ್ಚಿದ ಕ್ಯಾಮೆರಾದ ಮುಂದೆ ಮನುಷ್ಯರು ಬೇರೆಯೇ ಭಾಷೆಯಲ್ಲಿ ಮಾತಾಡುತ್ತಾರೆ. "ನಮ್ಮಲ್ಲಿ ಆದದ್ದಲ್ಲ, ನನ್ನ ಸ್ನೇಹಿತರೊಬ್ಬರ ಕಂಪನಿಯಲ್ಲಿ" ಎಂದು ಶುರುಮಾಡಿದವರು ಐದು ನಿಮಿಷದಲ್ಲಿ "ಆಗ ನಾನು ಏನು ಮಾಡಿದೆ ಅಂದ್ರೆ" ಎನ್ನತೊಡಗುತ್ತಾರೆ. ಆಗ ಯಾರೂ ನಗಬಾರದು. "ಅಯ್ಯೋ, ಅಷ್ಟೂ ಗೊತ್ತಿರಲಿಲ್ವಾ?" ಎಂದು ಯಾರಾದರೂ ಒಂದು ಸಲ ಅಂದರೆ ಆ ಗುಂಪಿನಲ್ಲಿ ಒಂದು ವರ್ಷ ಇನ್ನೊಬ್ಬರು ಬಾಯಿ ಬಿಡುವುದಿಲ್ಲ. ಅಂಥವರ ಮಾತನ್ನು ಅಲ್ಲಿಯೇ, ಮುಲಾಜಿಲ್ಲದೆ ತಡೆಯುವುದು ಸಂಘಟಕರ ಕೆಲಸ.

ಹೇಳಲು ಹಿಂಜರಿಯುವವರಿಗೆ ಒಂದು ಆಟವೂ ಇದೆ. ಗೂಗಲ್‌ನವರು ತಮ್ಮ ಹೊಸಬರ ತರಬೇತಿಗೆ ಆಡಿಸುವ ಆಟ, ಹೆಸರು ವೀಲ್ ಆಫ್ ಮಿಸ್‌ಫಾರ್ಚೂನ್. ಒಬ್ಬರು ಹಿಂದೆ ನಡೆದ ಅನಾಹುತವೊಂದನ್ನು ಮನಸ್ಸಿನಲ್ಲಿಟ್ಟುಕೊಂಡು ಕೂರುತ್ತಾರೆ, ಇನ್ನೊಬ್ಬರು ಆನ್‌ಕಾಲ್ ಪಾಳಿಯವರಂತೆ ಎದುರು ನಿಲ್ಲುತ್ತಾರೆ.

"ರಾತ್ರಿ ಎರಡು ಗಂಟೆ. ಆಸ್ಪತ್ರೆಯ ಬಿಲ್ಲಿಂಗ್ ನಿಂತಿದೆ. ಏನು ನೋಡ್ತೀರಿ?"

"ಡಿಸ್ಕ್ ತುಂಬಿದೆಯಾ ಅಂತ."

"ಇಲ್ಲ ಸರ್, ಶೇಕಡ 40 ಖಾಲಿ ಇದೆ. ಆದ್ರೆ ಹೊಸ ಫೈಲ್ ಬರೆಯೋಕೆ ಹೋದ್ರೆ ಜಾಗ ಇಲ್ಲ ಅನ್ನುತ್ತೆ."

ಇಲ್ಲಿ ಕೋಣೆಯಲ್ಲಿ ಅರ್ಧ ಜನ ಹುಬ್ಬು ಗಂಟಿಕ್ಕುತ್ತಾರೆ, ಹಿಂದಿನ ಸಾಲಿನಲ್ಲಿ ಒಬ್ಬರೋ ಇಬ್ಬರೋ ಮುಗುಳ್ನಗುತ್ತಾರೆ. ಅವರು ಈ ರಾತ್ರಿಯನ್ನು ಕಂಡವರು. ಲಿನಕ್ಸ್‌ನಲ್ಲಿ ಪ್ರತಿ ಫೈಲಿಗೂ ಐನೋಡ್ ಎಂಬ ಒಂದು ದಾಖಲೆ ಬೇಕು. ಸಾಮಾನ್ಯವಾಗಿ ಬಳಸುವ ಎಕ್ಸ್‌ಟಿ4 ಡಿಸ್ಕ್ ವ್ಯವಸ್ಥೆಯಲ್ಲಿ ಅಂಥವು ಎಷ್ಟಿರಬೇಕೆಂಬುದು ಫಾರ್ಮ್ಯಾಟ್ ಮಾಡಿದಾಗಲೇ ತೀರ್ಮಾನವಾಗಿರುತ್ತದೆ. ಯಾವುದೋ ತಂತ್ರಾಂಶ ಲಕ್ಷಗಟ್ಟಲೆ ಸಣ್ಣ ತಾತ್ಕಾಲಿಕ ಫೈಲುಗಳನ್ನು ಬರೆದು ಅಳಿಸದೆ ಬಿಟ್ಟರೆ ಜಾಗ ಮುಗಿಯುವ ಮೊದಲೇ ಐನೋಡ್‌ಗಳು ಮುಗಿಯುತ್ತವೆ. ಡಿಎಫ್ ಎಂದು ಟೈಪ್ ಮಾಡಿದರೆ ಎಲ್ಲ ಸರಿಯಿದೆ ಎನ್ನುತ್ತದೆ, ಅದರ ಮುಂದೆ ಐ ಎಂಬ ಆಯ್ಕೆ ಸೇರಿಸಿ ಕೇಳಿದರೆ ಮಾತ್ರ ಶೇಕಡ 100 ಎಂಬ ಸತ್ಯ ಹೊರಬೀಳುತ್ತದೆ. ಒಮ್ಮೆ ಹೀಗೆ ಹತ್ತು ಜನರ ಮುಂದೆ ತಡಕಾಡಿ ಕಲಿತದ್ದು ನಿಜವಾದ ರಾತ್ರಿ ಎರಡು ಗಂಟೆಗೆ ಮರೆಯುವುದಿಲ್ಲ. ಸ್ಲೈಡ್ ತೋರಿಸಿ ಹೇಳಿದ್ದರೆ ಕಾಫಿಯ ಹೊತ್ತಿಗೇ ಮರೆತಿರುತ್ತಿತ್ತು.

ಈ ಸಭೆಗಳು ಬೆಂಗಳೂರಿನ ದೊಡ್ಡ ಕಂಪನಿಗಳವರಿಗೆ ಮಾತ್ರ ಎಂಬ ಭಾವನೆ ಇದೆ. ದೊಡ್ಡ ಕಂಪನಿಯವರಿಗೆ ಒಳಗೇ ನೂರು ಜನ ಇರುತ್ತಾರೆ, ಅವರಿಗೆ ಇದು ವಾರಾಂತ್ಯದ ಖುಷಿ. ಇದರ ನಿಜವಾದ ಅಗತ್ಯ ಇರುವುದು ಜಿಲ್ಲಾ ಕೇಂದ್ರದ ಆಸ್ಪತ್ರೆ, ಪಟ್ಟಣ ಸಹಕಾರ ಬ್ಯಾಂಕ್, ಎಂಜಿನಿಯರಿಂಗ್ ಕಾಲೇಜುಗಳ ಒಬ್ಬಂಟಿ ಅಡ್ಮಿನ್‌ಗಳಿಗೆ. 2022ರ ನವೆಂಬರ್ 23ರಂದು ದೆಹಲಿಯ ಏಮ್ಸ್ ಆಸ್ಪತ್ರೆಯ ಮೇಲೆ ಸೈಬರ್ ದಾಳಿಯಾದಾಗ ಐದು ಸರ್ವರ್‌ಗಳ ಸುಮಾರು 1.3 ಟೆರಾಬೈಟ್ ದತ್ತಾಂಶಕ್ಕೆ ಬೀಗ ಬಿತ್ತು, ದೇಶದ ದೊಡ್ಡ ಆಸ್ಪತ್ರೆ ದಿನಗಟ್ಟಲೆ ಕಾಗದ ಪೆನ್ನಿನಲ್ಲಿ ನಡೆಯಿತು. 2024ರ ಜುಲೈ ಕೊನೆಯಲ್ಲಿ ಸಣ್ಣ ಬ್ಯಾಂಕುಗಳಿಗೆ ತಂತ್ರಜ್ಞಾನ ಒದಗಿಸುವ ಸಿ-ಎಡ್ಜ್ ಕಂಪನಿಯ ಮೇಲೆ ಇಂಥದೇ ದಾಳಿಯಾಗಿ, ಯುಪಿಐ ನಡೆಸುವ ಎನ್‌ಪಿಸಿಐ ಅದನ್ನು ತನ್ನ ಜಾಲದಿಂದ ಬೇರ್ಪಡಿಸಿತು. ದೇಶದ ಸುಮಾರು 300 ಸಹಕಾರಿ ಮತ್ತು ಗ್ರಾಮೀಣ ಬ್ಯಾಂಕುಗಳ ಗ್ರಾಹಕರಿಗೆ ಯುಪಿಐ ನಿಂತುಹೋಯಿತು. ಆ ಬ್ಯಾಂಕುಗಳ ಐಟಿಯವರ ತಪ್ಪು ಅದರಲ್ಲಿ ಏನೂ ಇರಲಿಲ್ಲ, ಕೌಂಟರಿನಲ್ಲಿ ನಿಂತು ಉತ್ತರ ಕೊಟ್ಟವರು ಮಾತ್ರ ಅವರು.

ಕಾನೂನು ಸಣ್ಣವರು ದೊಡ್ಡವರು ಎಂದು ನೋಡುವುದಿಲ್ಲ. ಕೇಂದ್ರ ಸರ್ಕಾರದ ಸರ್ಟ್-ಇನ್ ಸಂಸ್ಥೆ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದ ಪ್ರಕಾರ ಸೈಬರ್ ದಾಳಿಯಾದರೆ ತಿಳಿದ ಆರು ಗಂಟೆಗಳೊಳಗೆ ವರದಿ ಮಾಡಬೇಕು. ಸರ್ವರ್‌ಗಳ ಲಾಗ್‌ಗಳನ್ನು, ಅಂದರೆ ಯಾವ ಕ್ಷಣ ಯಾರು ಏನು ಮಾಡಿದರು ಎಂಬ ದಾಖಲೆಗಳನ್ನು, 180 ದಿನ ಇಟ್ಟುಕೊಂಡಿರಬೇಕು. ಎಲ್ಲ ಯಂತ್ರಗಳ ಗಡಿಯಾರಗಳೂ ರಾಷ್ಟ್ರೀಯ ಮಾಹಿತಿ ಕೇಂದ್ರ (ಎನ್‌ಐಸಿ) ಅಥವಾ ರಾಷ್ಟ್ರೀಯ ಭೌತ ಪ್ರಯೋಗಾಲಯದ ಸಮಯಕ್ಕೆ ಹೊಂದಿರಬೇಕು. ಗಡಿಯಾರದ ಮಾತು ಕ್ಷುಲ್ಲಕವೆನ್ನಿಸಬಹುದು. ಆದರೆ ಎರಡು ಸರ್ವರ್‌ಗಳ ಸಮಯದಲ್ಲಿ ನಾಲ್ಕು ನಿಮಿಷ ವ್ಯತ್ಯಾಸವಿದ್ದರೆ ಕಳ್ಳ ಮೊದಲು ಯಾವ ಬಾಗಿಲಿನಿಂದ ಬಂದ ಎಂದು ಹೇಳಲು ಯಾರಿಂದಲೂ ಆಗದು. ಇಂಥ ನಿಯಮ ಓದಿ ತಲೆ ಕೆರೆದುಕೊಳ್ಳುವ ನಾಲ್ಕು ಜನ ಒಂದು ಕಡೆ ಕೂತರೆ, 180 ದಿನದ ಲಾಗ್‌ಗಳನ್ನು ಹಳೆಯ ಕಂಪ್ಯೂಟರೊಂದರಲ್ಲಿ ಪುಕ್ಕಟೆ ತಂತ್ರಾಂಶ ಹಾಕಿ ಇಡುವುದು ಹೇಗೆಂದು ಒಬ್ಬರು ಮಾಡಿ ತೋರಿಸುತ್ತಾರೆ, ಉಳಿದವರು ಬರೆದುಕೊಳ್ಳುತ್ತಾರೆ. ಸಲಹೆಗಾರರಿಗೆ ಕೊಡುವ ಲಕ್ಷ ರೂಪಾಯಿ ಉಳಿಯುತ್ತದೆ.

ಈ ಜನರನ್ನು ಕರೆಯುವಾಗ ಭಾಷೆಯ ಪ್ರಶ್ನೆ ಬರುತ್ತದೆ. ಹುಬ್ಬಳ್ಳಿಯಲ್ಲೋ ಕಲಬುರಗಿಯಲ್ಲೋ ಇಪ್ಪತ್ತು ವರ್ಷದಿಂದ ಸರ್ವರ್ ನೋಡಿಕೊಂಡಿರುವವರಿಗೆ ಮೈಕ್ ಮುಂದೆ ಇಂಗ್ಲಿಷ್ ಬಾರದಿರಬಹುದು, ಅಷ್ಟಕ್ಕೇ ಅವರು ಹಿಂದಿನ ಸಾಲಿಗೆ ಹೋಗಿಬಿಡುತ್ತಾರೆ. ಸರ್ವರ್, ಬ್ಯಾಕಪ್, ಫೈರ್‌ವಾಲ್ ಎಲ್ಲ ಹಾಗೇ ಇಟ್ಟುಕೊಂಡು ಕನ್ನಡದಲ್ಲಿ ಮಾತಾಡಿದರೆ ಯಾವ ನಷ್ಟವೂ ಇಲ್ಲ. ದಿನವೂ ಫೋನಿನಲ್ಲಿ ಅವರು ಮಾತಾಡುವುದು ಹಾಗೆಯೇ. ಬೆಂಗಳೂರಿನ ಸಭೆಯಲ್ಲಿ ಎಲ್ಲ ರಾಜ್ಯದವರೂ ಇರುವುದರಿಂದ ಭಾಷಣ ಇಂಗ್ಲಿಷಿನಲ್ಲಿದ್ದರೂ, ಪ್ರಶ್ನೆಗಳು ಯಾವ ಭಾಷೆಯಲ್ಲಾದರೂ ಬರಲಿ ಎಂದು ಸಂಘಟಕರು ಮೊದಲೇ ಹೇಳಿ, ತಾವೇ ಮೊದಲ ಪ್ರಶ್ನೆ ಕನ್ನಡದಲ್ಲಿ ಕೇಳಿದರೆ ಆಯಿತು.

ಹೆಂಗಸರು ಏಕೆ ಕಡಿಮೆ ಬರುತ್ತಾರೆ ಎಂದು ಗಂಡಸರೇ ತುಂಬಿದ ಕೋಣೆಯಲ್ಲಿ ಚರ್ಚೆ ನಡೆಸುವುದು ಬೇಡ. ಸಭೆ ಸಂಜೆಯ ಬದಲು ಬೆಳಿಗ್ಗೆ ಇರಲಿ, ವಾಟ್ಸ್‌ಆ್ಯಪ್ ಗುಂಪಿನಲ್ಲಿ ಎಲ್ಲರ ನಂಬರ್ ಎಲ್ಲರಿಗೂ ಕಾಣದ ಏರ್ಪಾಟಿರಲಿ, ಮೊದಲ ಭಾಷಣಕಾರರನ್ನು ಹುಡುಕುವಾಗಲೇ ಹೆಂಗಸರನ್ನೂ ಕೇಳಿ ನೋಡಿ. ಅರ್ಧ ಉತ್ತರ ಅಲ್ಲೇ ಇದೆ.

ಗುಂಪು ಸಾಯುವುದು ಹೇಗೆಂದು ಗೊತ್ತಿದ್ದರೆ ಉಳಿಸುವುದು ಸುಲಭ. ಶುರುಮಾಡಿದವರಿಗೆ ಮಗು ಹುಟ್ಟುತ್ತದೆ, ಅಥವಾ ಜರ್ಮನಿಯಲ್ಲಿ ಕೆಲಸ ಸಿಗುತ್ತದೆ. ಒಂದು ತಿಂಗಳು ಸಭೆ ಇಲ್ಲ, ಎರಡು ತಿಂಗಳು ಇಲ್ಲ. ಗುಂಪಿನ ಡೊಮೇನ್ ಹೆಸರು ಅವರ ಕ್ರೆಡಿಟ್ ಕಾರ್ಡಿನ ಮೇಲಿತ್ತು, ಕಾರ್ಡಿನ ಅವಧಿ ಮುಗಿಯಿತು. ಮೀಟಪ್ ಜಾಲತಾಣದಲ್ಲಿ ಚಂದಾ ಕಟ್ಟುವವರು ಸಂಘಟಕರೇ ಆದ್ದರಿಂದ ಅದೂ ವಾರಸುದಾರರಿಲ್ಲದೆ ನಿಂತಿತು. ಸಭಾಂಗಣ ಕೊಡುತ್ತಿದ್ದ ಕಂಪನಿಯಲ್ಲಿ ಯಾರಿಗೆ ಫೋನ್ ಮಾಡಬೇಕೆಂದು ಬೇರೆ ಯಾರಿಗೂ ಗೊತ್ತಿಲ್ಲ. ಕಚೇರಿಯಲ್ಲಿ ಒಬ್ಬರ ಬಳಿಯೇ ಎಲ್ಲ ಪಾಸ್‌ವರ್ಡ್ ಇರಬಾರದೆಂದು ಬೇರೆಯವರಿಗೆ ಬುದ್ಧಿ ಹೇಳುವ ಅಡ್ಮಿನ್‌ಗಳ ಗುಂಪಿಗೇ ಹೀಗಾಗುವುದನ್ನು ನೋಡುವಾಗ ನಗು ಬರುತ್ತದೆ. ಮೂವರು ಸಂಘಟಕರಿರಲಿ, ವರ್ಷಕ್ಕೊಬ್ಬರು ಕಡ್ಡಾಯವಾಗಿ ಇಳಿಯಲಿ, ಪಾಸ್‌ವರ್ಡ್‌ಗಳು ಮೂವರ ಬಳಿಯೂ ಇರಲಿ. ಸ್ಥಾಪಕರಿಗೆ ಇಳಿಯುವುದು ಕಷ್ಟ. ಅವರಿಗೆ ಒಂದು ಸಭೆಯಲ್ಲಿ ಶಾಲು ಹೊದಿಸಿಬಿಡಿ, ನಮ್ಮಲ್ಲಿ ಶಾಲು ಬಿದ್ದ ಮೇಲೆ ಇಳಿಯದೆ ವಿಧಿಯಿಲ್ಲ.

ನಿಮ್ಮದು ಶಿವಮೊಗ್ಗವೋ ದಾವಣಗೆರೆಯೋ ಆಗಿದ್ದು, ಇಂಥದ್ದೊಂದು ಇಲ್ಲದಿದ್ದರೆ ಶುರುಮಾಡಲು ಆರು ಜನ ಸಾಕು. ಕಾಲೇಜಿನ ಲ್ಯಾಬ್ ಇನ್‌ಚಾರ್ಜ್ ಒಬ್ಬರು ಮನಸ್ಸು ಮಾಡಿದರೆ ನಾಲ್ಕನೇ ಶನಿವಾರ ಕೋಣೆ ಸಿಗುತ್ತದೆ, ಪ್ರೊಜೆಕ್ಟರ್ ಬೇಕಿಲ್ಲ. ಮೊದಲ ಸಭೆಗೆ ಭಾಷಣಕಾರರನ್ನೂ ಕರೆಯಬೇಡಿ. ಸುತ್ತ ಕೂತು, ತಾವು ಯಾರು, ಎಷ್ಟು ಯಂತ್ರ ನೋಡಿಕೊಳ್ಳುತ್ತೇವೆ ಎಂದು ಒಬ್ಬೊಬ್ಬರೇ ಹೇಳಿದ ಮೇಲೆ ಒಂದೇ ಒಂದು ಪ್ರಶ್ನೆ ಕೇಳಿ: ನಿಮ್ಮ ಬ್ಯಾಕಪ್ ಅನ್ನು ಬೇರೊಂದು ಯಂತ್ರಕ್ಕೆ ರಿಸ್ಟೋರ್ ಮಾಡಿ, ಅದು ತೆರೆದುಕೊಳ್ಳುತ್ತದೆಯೇ ಎಂದು ಕೊನೆಯ ಬಾರಿ ನೋಡಿದ್ದು ಯಾವಾಗ? ಒಬ್ಬರು ಕೆಮ್ಮುತ್ತಾರೆ, ಇನ್ನೊಬ್ಬರು ಫೋನ್ ನೋಡಿಕೊಳ್ಳುತ್ತಾರೆ, ಮೂರನೆಯವರು "ಪ್ರತಿದಿನ ಬ್ಯಾಕಪ್ ಆಗ್ತಾ ಇದೆ ಸರ್, ಮೆಸೇಜ್ ಬರುತ್ತೆ" ಎನ್ನುತ್ತಾರೆ. ಮುಂದಿನ ತಿಂಗಳು ಎಲ್ಲರೂ ತಂತಮ್ಮ ಬ್ಯಾಕಪ್‌ನ ಒಂದು ಪ್ರತಿಯನ್ನು ಕಚೇರಿಯಲ್ಲೇ ಬೇರೆ ಯಂತ್ರದಲ್ಲಿ ತೆರೆದು ನೋಡಿ ಬರಬೇಕು, ತೆರೆಯದಿದ್ದರೆ ಯಾವ ದೋಷ ತೋರಿಸಿತೆಂದು ಬರೆದುಕೊಂಡು ಬರಬೇಕು ಎಂದು ಹೇಳಿ ಕಳಿಸಿ. ಎರಡನೇ ಸಭೆಯ ವಿಷಯ ತಾನಾಗಿಯೇ ಸಿಕ್ಕಿತು. ಮೂರನೆಯದರದ್ದೂ ಸಿಕ್ಕಿದ ಹಾಗೇ, ಏಕೆಂದರೆ ಆರರಲ್ಲಿ ಒಂದಾದರೂ ತೆರೆಯುವುದಿಲ್ಲ.